ಬುತ್ತಿ ದಲಾಲ

ಸಾವಳಗಿ ಕಡೆಯ ಯಾವುದಾದರೂ ವಸತಿ ಶಾಲೆಗೆ ಭಾನುವಾರ ಹತ್ತರ ಹೊತ್ತಿಗೆ ಹೋಗಿ ನೋಡಿ. ಗೇಟಿನ ಹತ್ತಿರ ಒಬ್ಬ ಹುಡುಗ ನಿಂತಿರುತ್ತಾನೆ. ಟಂಟಂನಿಂದ ಇಳಿಯುವ ಪ್ರತಿ ಅಪ್ಪನೂ ಅವನಿಗೆ ಕಾಕಾ, ಪ್ರತಿ ಅವ್ವನೂ ಕಾಕೂ. "ಬರ್ರಿ ಕಾಕಾ, ಆರಾಮದೀರಿ? ನಿಮ್ಮ ಕಡೆ ಮಳಿ ಹೆಂಗರಿ?" ಎನ್ನುತ್ತಲೇ ಕೈಚೀಲ ಇಸಕೊಳ್ಳುತ್ತಾನೆ. ಕಾಕಾ ಮಳೆಯ ಲೆಕ್ಕ ಹೇಳಿ ಮುಗಿಸುವಷ್ಟರಲ್ಲಿ ಇವನ ಕೈಗೆ ಚೀಲದ ಲೆಕ್ಕ ಸಿಕ್ಕಿರುತ್ತದೆ. ಖಣಖಣ ಸದ್ದು ಬಂದರೆ ಖಡಕ್ ರೊಟ್ಟಿ, ತಳದಲ್ಲಿ ಬೆಚ್ಚಗೆ ತಾಗಿದರೆ ಹೋಳಿಗೆ, ಡಬ್ಬಿ ಓರೆಯಾದರೂ ಅಲುಗಾಡದಿದ್ದರೆ ಒತ್ತಿ ತುಂಬಿದ ಶೇಂಗಾ ಚಟ್ನಿ. ಚೀಲ ಕೋಣೆ ಮುಟ್ಟುವ ಮೊದಲೇ ಕೋಣೆಗೆಲ್ಲ ಸುದ್ದಿ ಮುಟ್ಟಿರುತ್ತದೆ.

ಇವನೇ ಬುತ್ತಿ ದಲಾಲ. ಹಾಜರಿ ಪಟ್ಟಿಯಲ್ಲಿ ಬೇರೆ ಹೆಸರಿರುತ್ತದೆ, ಅದನ್ನು ಮಾಸ್ತರರು ಮಾತ್ರ ಕರೆಯುತ್ತಾರೆ.

1996–97ರಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಶುರುವಾದ ಮೇಲೆ ಈ ಜಾತಿಯ ಹುಡುಗನಿಗೆ ಸರಕಾರವೇ ಸೂರು ಕೊಟ್ಟಿತು. 6ನೆಯ ತರಗತಿಯಿಂದ 10ರವರೆಗೆ, ತರಗತಿಗೆ 50 ಮಕ್ಕಳು, ಎಲ್ಲರೂ ಪರೀಕ್ಷೆ ಬರೆದು ಸೀಟು ಗಿಟ್ಟಿಸಿಕೊಂಡವರು. ಆದರೆ ಕಸುಬು ಅದಕ್ಕಿಂತ ಹಳೆಯದು. ಗುರುದೇವ ರಾನಡೆ ಓದಿದ ಜಮಖಂಡಿಯ ಪರಶುರಾಮಭಾವು ಹೈಸ್ಕೂಲಿಗೆ ಹಳ್ಳಿಯಿಂದ ಬಂದು ಬಾಡಿಗೆ ಕೋಣೆಯಲ್ಲಿದ್ದ ಹುಡುಗರಿಗೆ ಬುತ್ತಿ ಬಸ್ಸಿನಲ್ಲಿ ಬರುತ್ತಿತ್ತು. ಅವ್ವ ಊರಲ್ಲಿ ಕಂಡಕ್ಟರನ ಕೈಗೆ ಗಂಟು ಕೊಡಬೇಕು, ಮಗ ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳಬೇಕು. ಟಿಕೇಟಿಲ್ಲದೆ ಸರಕಾರಿ ಬಸ್ಸಿನಲ್ಲಿ ಅಷ್ಟು ಗೌರವದಿಂದ ಪ್ರಯಾಣ ಮಾಡಿದ್ದು ಬಹುಶಃ ಆ ರೊಟ್ಟಿ ಗಂಟೊಂದೇ. ಸ್ಟ್ಯಾಂಡಿನಲ್ಲಿ ಆಗಲೂ ಒಬ್ಬ ಇರುತ್ತಿದ್ದ: ಯಾವ ಗಾಡಿಗೆ ಯಾರ ಗಂಟು, ಯಾರದು ಬರಲಿಲ್ಲ, ಇವತ್ತು ಯಾರು ಯಾರ ಕೋಣೆಯಲ್ಲಿ ಉಣ್ಣಬೇಕು ಎಂದು ನೋಡಿಕೊಳ್ಳುವವನು.

ನಮ್ಮ ದಲಾಲನಿಗೆ ಭೂಗೋಳದಲ್ಲಿ ಪಾಸಾಗುವುದೇ ಕಷ್ಟ. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಯ ನಕಾಶೆ ಅವನ ನಾಲಿಗೆಯ ಮೇಲಿದೆ. ಸಾವಳಗಿ, ತುಂಗಳ ಕಡೆಯ ಹುಡುಗ ಬಂದರೆ ಒಣದ್ರಾಕ್ಷಿ. ಮಹಾಲಿಂಗಪುರದ್ದಾದರೆ ಬೆಲ್ಲದ ಮಾತೇ ಬೇಡ, ಉಂಡಿ ಕಟ್ಟುವ ಕೈ ಹೇಗಿದೆಯೆಂದು ಮಾತ್ರ ನೋಡಬೇಕು. ಬನಹಟ್ಟಿಯ ನೇಕಾರರ ಮನೆಯಿಂದ ಬಂದ ಅಗಸಿ ಹಿಂಡಿಗೆ ಅವನ ಪೇಟೆಯಲ್ಲಿ ಸದಾ ಏರು ಧಾರಣೆ. ರೊಟ್ಟಿಗೆ ಯಾಕಿಷ್ಟು ಬೆಲೆ ಎಂದು ಯಾರೋ ತಕರಾರು ತೆಗೆದಾಗ ಅವನು ಕೊಟ್ಟ ವಿವರಣೆಯನ್ನು ಸಮಾಜ ವಿಜ್ಞಾನದ ಮಾಸ್ತರರೂ ಕೊಡಲಾರರು: "ಚಿಕ್ಕಪಡಸಲಗಿ ಬ್ಯಾರೇಜ ಆತು, 1989ರಾಗ ರೈತರ ರೊಕ್ಕಾ ಕೂಡಿಸಿ ಕಟ್ಟಿದರು. ಹೊಳಿ ದಂಡಿಗಿ ನೀರ ನಿಂತು. ಎಲ್ಲಾರೂ ಕಬ್ಬ ಹಚ್ಚಿದರು. ಜ್ವಾಳಾ ಬಿತ್ತಂವ ಯಾಂವ? ಅದಕ್ಕ ಸಿಹಿ ಸೋವಿ, ರೊಟ್ಟಿ ತುಟ್ಟಿ."

ವ್ಯಾಪಾರ ನಡೆಯುವುದು ಸಂಜೆಯ ಓದಿನ ಹೊತ್ತಿನಲ್ಲಿ. ದನದ ಸಂತೆಯಲ್ಲಿ ದಲಾಲರು ಟವೆಲ್ಲಿನಡಿ ಕೈ ಹಿಡಿದು ಎತ್ತಿನ ಬೆಲೆ ಗೊತ್ತು ಮಾಡುತ್ತಾರಲ್ಲ, ಇಲ್ಲಿಯೂ ಅದೇ ಪದ್ಧತಿ. ಒಂದು ಬೆರಳು ಹಿಡಿದರೆ ಒಂದು ಉಂಡಿ, ಬೆರಳಿನ ಗೆಣ್ಣು ಒತ್ತಿದರೆ ಅರ್ಧ, ಅಂಗೈ ಗೀರಿದರೆ "ಚೌಕಾಶಿ ಸಾಕು". ಎದುರಿಗೆ ಗಣಿತದ ಪುಸ್ತಕ, ಮುಖದಲ್ಲಿ ಪೈಥಾಗೊರಸನ ಚಿಂತೆ, ಟವೆಲ್ಲಿನಡಿ ಎರಡು ಶೇಂಗಾ ಉಂಡಿಗೆ ನಾಲ್ಕು ಚಮಚ ಗುರೆಳ್ಳು ಚಟ್ನಿ. ಒಮ್ಮೆ ಮಾಸ್ತರರು ಬಂದು ನಿಂತೇ ಬಿಟ್ಟರು.

"ಏನದು, ಟವೆಲ್ಲಿನಾಗ?"

"ಕೈ ತಣ್ಣಗಾಗಿದ್ವರಿ ಸರ್."

ಮಾರ್ಚ್ ತಿಂಗಳು, ಕರೆಂಟ್ ಹೋಗಿ ಎಷ್ಟೋ ಹೊತ್ತಾಗಿತ್ತು. ಮಾಸ್ತರರು ಬೆವರು ಒರೆಸಿಕೊಂಡು ಅವನನ್ನೇ ನೋಡಿದರು, ಆಮೇಲೆ ಮುಂದಿನ ಸಾಲಿಗೆ ಹೋದರು.

ಪ್ರತಿ ವ್ಯವಹಾರಕ್ಕೂ ದಲಾಲಿ ಉಂಟು, ರೊಟ್ಟಿಗೆ ಕಾಲು ರೊಟ್ಟಿ. ಈ ಕಾಲುಗಳನ್ನು ಕೂಡಿಸಿ ಅವನು ದಿನಾ ಬೆಳಿಗ್ಗೆ ಉಪ್ಪಿಟ್ಟಿನ ಜತೆ ಮುರಿದು ತಿನ್ನುತ್ತಾನೆ, ನಾವು ಬರೀ ಉಪ್ಪಿಟ್ಟು ತಿನ್ನುತ್ತೇವೆ. ಹೊಟ್ಟೆಕಿಚ್ಚು ಬಂದರೂ ಏನೂ ಅನ್ನುವಂತಿಲ್ಲ. ಡಬ್ಬಿ ಖಾಲಿಯಾದವನಿಗೆ ಉದ್ದರಿ ಕೊಡಿಸುವವನೂ ಅವನೇ. ಉದ್ದರಿಗೆಲ್ಲ ಒಂದೇ ಗಡುವು: ಪಂಚಮಿ. ನಾಗರ ಪಂಚಮಿಯ ರಜೆ ಮುಗಿಸಿ ಹುಡುಗರು ಟ್ರಂಕು ಹೊತ್ತು ಬಂದ ದಿನ ಅವನು ಚಾಪೆ ಹಾಸಿ ಕೂರುತ್ತಾನೆ. ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ, ಡಾಣಿ ಉಂಡಿ, ಅಳ್ಳಿಟ್ಟು ಎಲ್ಲ ಸಾಲಾಗಿ ಬರುತ್ತವೆ, ಹೋಗುತ್ತವೆ. ಪುಸ್ತಕವಿಲ್ಲ, ಚೀಟಿಯಿಲ್ಲ. "ನೀ ಆಷಾಢದಾಗ ಒಂದೂವರಿ ಹೋಳಿಗಿ ತಿಂದೀ, ಮರತೇನು?" ಅಂದರೆ ಮುಗಿಯಿತು, ತಿಂದವನು ತಲೆ ತಗ್ಗಿಸುತ್ತಾನೆ.

ಹೊಸದಾಗಿ ಬಂದ 6ನೆಯ ತರಗತಿಯ ಹುಡುಗರು ಮೊದಲ ವಾರ ಅಳುತ್ತಾರೆ, ಬುತ್ತಿ ಬಿಚ್ಚುವುದೇ ಇಲ್ಲ. ಹಿರಿಯರು ಬೆನ್ನು ಸವರುತ್ತಾರೆ, ಅಳು ಜೋರಾಗುತ್ತದೆ. ದಲಾಲ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು ಕೇಳುವುದು ಒಂದೇ ಮಾತು: "ನಿಮ್ಮ ಮನ್ಯಾಗ ಚಟ್ನಿ ಒಳ್ಳಾಗ ಕುಟ್ಟತಾರೋ, ಮಿಕ್ಸರಿಗಿ ಹಾಕತಾರೋ?"

ಹುಡುಗ ಬಿಕ್ಕುವುದನ್ನು ನಿಲ್ಲಿಸಿ ದುರುಗುಟ್ಟಿ ನೋಡುತ್ತಾನೆ. "ನಮ್ಮ ಆಯಿ ಒಳ್ಳಾಗ ಕುಟ್ಟತಾಳ!"

"ಸುಳ್ಳ. ನೋಡಿದರ ಗೊತ್ತಾಕ್ಕೈತಿ."

ಆಯಿಯ ಮಾನದ ಪ್ರಶ್ನೆ. ಗಂಟು ಬಿಚ್ಚಲೇಬೇಕು. ದಲಾಲ ಚಿಟಿಕೆ ಚಟ್ನಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ತಲೆದೂಗಿ "ಒಳ್ಳಾಗಿಂದ ಖರೆ" ಎಂದು ಸಾರುತ್ತಾನೆ. ಸುತ್ತ ಹತ್ತು ಕೈ ಚಾಚುತ್ತವೆ. ಸಂಜೆಯೊಳಗೆ ಹುಡುಗನಿಗೆ ಹತ್ತು ಜನ ಗೆಳೆಯರು, ಡಬ್ಬಿಯಲ್ಲಿ ಏನೂ ಇಲ್ಲ. ವಾರ್ಡನ್ನರು ಸಮಾಧಾನದ ಮಾತಿಗೆ ಇಂಥ ಫಲ ಕಂಡಿದ್ದಿಲ್ಲ.

ಇಷ್ಟು ಜಾಣತನ ಇವನಿಗೆ ಎಲ್ಲಿಂದ ಬಂತು ಎಂಬ ಬಗ್ಗೆ ನಮ್ಮಲ್ಲಿ ವಾದವಿತ್ತು. ಅವರಜ್ಜ ಎತ್ತಿನ ದಲಾಲ ಇರಬೇಕೆಂದು ಬಹಳ ಮಂದಿಯ ನಂಬಿಕೆ. ವಿಚಾರಿಸಿದರೆ ಅಜ್ಜ ಪೋಸ್ಟ್‌ಮ್ಯಾನ್, ಅಪ್ಪ ನೀರಗಂಟಿ. ಇಬ್ಬರೂ ಮಾತು ಕಡಿಮೆ.

ಅವನ ಮನೆಯ ಬುತ್ತಿಯನ್ನೂ ಅವನು ಪೇಟೆಯಲ್ಲೇ ಇಡುತ್ತಿದ್ದ, ಮತ್ತು ಅದರ ಬೆಲೆ ಕಟ್ಟುವಾಗ ತಾಯಿಯ ಮುಲಾಜೂ ಇಲ್ಲ. "ನಮ್ಮವ್ವನ ಚಟ್ನಿಗಿ ಉಪ್ಪು ಜಾಸ್ತಿ. ಒಂದ ಚಮಚೆಗೆ ಎರಡ ಚಮಚೆ ತಗೋರಿ" ಎನ್ನುತ್ತಿದ್ದ. ಒಂದು ಭಾನುವಾರ ಆಕೆ ಹೇಳದೆ ಕೇಳದೆ ಬಂದವಳು ಬಾಗಿಲಲ್ಲಿ ನಿಂತು ಈ ಮಾತು ಕೇಳಿಸಿಕೊಂಡಳು. ನಾವೆಲ್ಲ ಉಸಿರು ಬಿಗಿಹಿಡಿದೆವು. ಆಕೆ ಒಳಗೆ ಬಂದು ಕೂತಳು, ಹೊಸ ಡಬ್ಬಿಯ ಮುಚ್ಚಳ ತೆಗೆದಳು.

"ಎರಡಲ್ಲೋ ಖೋಡಿ, ಮೂರ ಕೊಡು," ಅಂದಳು. "ಕಡೀಗಿ ಆ ಬನಹಟ್ಟಿ ಹುಡುಗನ ಅಗಸಿ ಹಿಂಡಿ ಅರ್ಧಾ ಡಬ್ಬಿ ನನಗ ಕಟ್ಟಿಕೊಡು. ನಿಮ್ಮಪ್ಪ ನನ್ನ ಚಟ್ನಿ ಮುಟ್ಟೂದ ಬಿಟ್ಟಾನ."