ಮಲೆನಾಡಿನವನಿಗೆ ಗುಡ್ಡ ತೋರಿಸಿದ್ದು

ತೀರ್ಥಹಳ್ಳಿಯವನಿಗೆ ಗುಡ್ಡ ತೋರಿಸ್ತೇನೆ ಅಂತ ಯಾರಾದರೂ ಹೊರಟರೆ ನಗು ಬರಬೇಕಾದ್ದು ನ್ಯಾಯ. ನನಗೆ ಬಂತು. ಅಳಿಯಂದಿರಿಗೆ ಬರಲಿಲ್ಲ. "ಮಾವ, ಶನಿವಾರ ಮೌಂಟ್ ಡಯಾಬ್ಲೊ ಸ್ಟೇಟ್ ಪಾರ್ಕಿಗೆ ಹೋಗೋಣ. ಒಳ್ಳೇ ಹೈಕಿಂಗ್ ಜಾಗ, ಪ್ರಾಣಿ ಪಕ್ಷಿ ಎಲ್ಲ ಸಿಗ್ತವೆ" ಅಂದರು. ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನಲ್ಲಿ ಅವರ ಮನೆ. ಬೀದಿಯ ತುದಿಗೆ ಬಂದರೆ ಆ ಬೆಟ್ಟ ಕಾಣುತ್ತದೆ. ಎತ್ತರ ಎಷ್ಟು ಅಂತ ಕೇಳಿದೆ. 3,849 ಅಡಿಯಂತೆ. ನಮ್ಮ ಮುಳ್ಳಯ್ಯನಗಿರಿ 6,300 ಅಡಿ ದಾಟುತ್ತದೆ ಅಂತ ತಿಳಿಸಿ ಸುಮ್ಮನಾದೆ.

"ಮುಳ್ಳಯ್ಯನಗಿರಿ ನೀವು ಹತ್ತಿದ್ದು ಯಾವಾಗ?" ಅಡುಗೆಮನೆಯಿಂದ ಪ್ರಶ್ನೆ ಬಂತು.

ಹತ್ತುವುದು ಬೇರೆ, ಅದರ ಬಗ್ಗೆ ಅಧಿಕಾರದಿಂದ ಮಾತಾಡುವುದು ಬೇರೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ನೋಡದ ಜಮೀನಿನ ಬಗ್ಗೆ ಷರಾ ಬರೆದೇ ಅನ್ನ ಉಂಡವನು. ನನ್ನ ಹೆಂಡತಿಗೆ ಈ ಸೂಕ್ಷ್ಮಗಳು ಇವತ್ತಿಗೂ ತಿಳಿಯುವುದಿಲ್ಲ.

ಕಾಡಿಗೆ ಹೋಗುವ ಮುಂಚೆ ಮಾಡಬೇಕಾದ ತಯಾರಿ ಮಲೆನಾಡಿನವರಿಗೆ ಹೇಳಿಕೊಡಬೇಕೆ? ಇಂಬಳಕ್ಕೆ ಅಂತ ಉಪ್ಪಿನ ಪೊಟ್ಟಣ, ಸುಣ್ಣದ ಡಬ್ಬಿ, ಎರಡನ್ನೂ ಜೇಬಿಗೆ ಹಾಕಿಕೊಂಡೆ. ಜರ್ಕಿನ್ ಹಾಕಿ, ಮೇಲೆ ಶಾಲು ಹೊದ್ದೆ. ಮಗಳು ನೋಡಿ, "ಅಪ್ಪ, ಇಲ್ಲಿ ಮಳೆ ಬಿದ್ದು ಐದು ತಿಂಗಳಾಯ್ತು, ಸೆಪ್ಟೆಂಬರ್ ಬಿಸಿಲು ಸುಡ್ತಾ ಇದೆ, ಇಂಬಳ ಎಲ್ಲಿಂದ ಬರತ್ತೆ?" ಅಂದಳು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಸುರಿಯುವ ಮಳೆಯ ಪಕ್ಕದಲ್ಲೇ ಬೆಳೆದ ಹುಡುಗಿ ಹೀಗೆ ಮಾತಾಡಿದ್ದು ಕೇಳಿ ಬೇಸರವಾಯಿತು. ಇಂಬಳವಿಲ್ಲದ್ದು ಕಾಡು ಹೇಗಾಗುತ್ತದೆ?

ಗೇಟಿನಲ್ಲಿ ಕಾರಿಗೆ ಹತ್ತು ಡಾಲರ್. ನಾನು ಮನಸ್ಸಿನಲ್ಲೇ ರೂಪಾಯಿ ಮಾಡುತ್ತಿದ್ದೆ. "ಬಾಯಲ್ಲಿ ಹೇಳಬೇಡಿ" ಅಂತ ಇವಳು ಮೊದಲೇ ತಡೆದಳು. ಒಳಗೆ ಹೋದರೆ ಗುಡ್ಡವೆಲ್ಲ ಒಣಗಿದ ಹುಲ್ಲು, ಭತ್ತ ಕೊಯ್ದ ಗದ್ದೆಯ ಬಣ್ಣ. ನಡುನಡುವೆ ಓಕ್ ಮರಗಳು, ಒಂದರ ನೆರಳು ಇನ್ನೊಂದಕ್ಕೆ ತಾಗದಷ್ಟು ದೂರ ದೂರ. ನಾನು ಉಪ್ಪಿನ ಪೊಟ್ಟಣವನ್ನು ಯಾರಿಗೂ ಕಾಣದ ಹಾಗೆ ಒಳಜೇಬಿಗೆ ಸೇರಿಸಿದೆ.

ದಾರಿ ಬದಿಯ ಒಂದು ಫಲಕದಲ್ಲಿ ಉಣುಗಿನ ಚಿತ್ರವಿತ್ತು. ಹುಲ್ಲಿನಲ್ಲಿ ನಡೆದು ಬಂದವರು ಮೈಯೆಲ್ಲ ಪರೀಕ್ಷಿಸಿಕೊಳ್ಳಬೇಕಂತೆ, ಲೈಮ್ ಅಂತ ಒಂದು ಕಾಯಿಲೆ ತರುತ್ತದಂತೆ. ಇಲ್ಲಿ ನನಗೆ ಜೀವ ಬಂತು. ಉಣುಗಿನ ವಿಷಯದಲ್ಲಿ ಶಿವಮೊಗ್ಗ ಜಿಲ್ಲೆಯವರಿಗೆ ಪಾಠ ಹೇಳುವ ದೇಶ ಇನ್ನೂ ಹುಟ್ಟಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆಗೆ ಲೋಕದ ವೈದ್ಯರೆಲ್ಲ ನಮ್ಮ ಹಳ್ಳಿಯ ಹೆಸರಿಟ್ಟೇ ಕರೆಯುತ್ತಾರೆ ಅಂತ ಶುರು ಮಾಡಿ ಇನ್ನೂ ಮಂಗಕ್ಕೆ ಬಂದಿರಲಿಲ್ಲ, ನೋಡಿದರೆ ಸುತ್ತ ಯಾರೂ ಇಲ್ಲ. ಮೊಮ್ಮಗಳು ಆಗಲೇ ಬಂಡೆ ಏರುತ್ತಿದ್ದಳು.

ರಾಕ್ ಸಿಟಿ ಅನ್ನುವ ಆ ಜಾಗದಲ್ಲಿ ಮರಳುಗಲ್ಲಿನ ದೊಡ್ಡ ದೊಡ್ಡ ಬಂಡೆಗಳು. ಗಾಳಿ ಮಳೆಗೆ ಸವೆದು ಅವುಗಳಲ್ಲಿ ಗುಹೆಗಳಾಗಿವೆ. ಮಕ್ಕಳು ಒಂದು ತೂತಿನಲ್ಲಿ ನುಗ್ಗಿ ಇನ್ನೊಂದರಲ್ಲಿ ಬರುತ್ತಾರೆ. ನಾನೂ ಒಂದರಲ್ಲಿ ನುಗ್ಗಿದೆ. ಹೊರಗೆ ಬಂದದ್ದು ಹೇಗೆ ಅನ್ನುವುದಕ್ಕೂ ಈ ಲೇಖನಕ್ಕೂ ಸಂಬಂಧವಿಲ್ಲ. ಎಳೆದವರು ಇಬ್ಬರೂ ಸಭ್ಯಸ್ಥರು ಅಂತಷ್ಟೇ ಹೇಳಬಲ್ಲೆ.

ಸುಧಾರಿಸಿಕೊಳ್ಳಲು ಕೂತಾಗ ಇವಳು ಕೋಡುಬಳೆ ಡಬ್ಬಿ ತೆಗೆದಳು. ಒಂದನ್ನು ಕೈಯಲ್ಲಿ ಹಿಡಿದು, ಕಾಡಿನಲ್ಲಿ ಕೂರುವ ಕ್ರಮದ ಬಗ್ಗೆ ನಾನು ಮೊಮ್ಮಗಳಿಗೆ ನಾಲ್ಕು ಮಾತು ಹೇಳುತ್ತಿದ್ದೆ. ಎಲ್ಲಿಂದಲೋ ಒಂದು ನೀಲಿ ಹಕ್ಕಿ, ಸ್ಕ್ರಬ್ ಜೇ ಅಂತೆ ಅದರ ಹೆಸರು, ಬಂದು ಕೋಡುಬಳೆ ಎತ್ತಿಕೊಂಡು ಹೋಯಿತು.

"ಅಜ್ಜಾ! ಫೀಡಿಂಗ್ ವೈಲ್ಡ್‌ಲೈಫ್ ಇಸ್ ನಾಟ್ ಅಲೌಡ್!" ಮೊಮ್ಮಗಳು ಚೀರಿದಳು. ಅವಳು ಜೂನಿಯರ್ ರೇಂಜರ್. ಸ್ಟೇಟ್ ಪಾರ್ಕಿನವರು ಮಕ್ಕಳಿಗೆ ಪಾಠ ಮಾಡಿ ಕೊಡುವ ಪದವಿಯದು. ನಮ್ಮಲ್ಲಿ ಫಾರೆಸ್ಟ್ ಗಾರ್ಡನ್ನು ಸಮಾಧಾನ ಮಾಡುವ ದಾರಿಗಳು ನನಗೆ ಗೊತ್ತಿದ್ದವು. ಒಂಬತ್ತು ವರ್ಷದ ರೇಂಜರಿಗೆ ಅವು ಯಾವುವೂ ನಡೆಯಲಿಲ್ಲ. "ನಾನು ಕೊಟ್ಟದ್ದಲ್ಲ ಪುಟ್ಟೀ, ಅದು ಕಿತ್ತುಕೊಂಡದ್ದು. ಕಾನೂನಿನಲ್ಲಿ ಎರಡಕ್ಕೂ ಬೇರೆ ಬೇರೆ ಕಲಮು" ಅಂದೆ. ಅವಳು ನನ್ನ ಹೆಸರನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಅಷ್ಟರಲ್ಲಿ ಇವಳು ಪಕ್ಕದ ಮರದ ಮುಂದೆ ನಿಂತಿದ್ದಳು. ಕಾಂಡದ ತುಂಬ ಸಾಲು ಸಾಲು ತೂತು, ತೂತಿಗೊಂದು ಓಕಿನ ಕಾಯಿ, ಒತ್ತಿ ಕೂರಿಸಿದ್ದು. ಕೆಂಪು ಟೊಪ್ಪಿಯ ಮರಕುಟಿಗಗಳ ಕಣಜವದು. ಕುಟುಂಬವೆಲ್ಲ ಒಟ್ಟಿಗೆ ಬಾಳುತ್ತವೆ, ಒಂದೇ ಮರದಲ್ಲಿ ಸಾವಿರಗಟ್ಟಲೆ ಕಾಯಿ ಇಡುತ್ತವೆ, ಕಾಯಿ ಒಣಗಿ ಸಡಿಲವಾದರೆ ಕಿತ್ತು ಸಣ್ಣ ತೂತಿಗೆ ಬದಲಾಯಿಸುತ್ತವೆ ಅಂತ ಅಳಿಯಂದಿರು ವಿವರಿಸಿದರು.

ಇವಳು ನನ್ನ ಕಡೆ ತಿರುಗಿದಳು. "ಉಪ್ಪಿನಕಾಯಿ ಮುಗೀತಾ ಬಂದ ಹಾಗೆ ನಾನು ದೊಡ್ಡ ಜಾಡಿಯಿಂದ ಸಣ್ಣ ಜಾಡಿಗೆ ಹಾಕಿದ್ರೆ, 'ನಿಂಗೆ ಬೇರೆ ಕೆಲ್ಸ ಇಲ್ವಾ' ಅಂತೀರಲ್ಲ, ಈಗ ಹೇಳಿ ಆ ಹಕ್ಕಿಗೆ."

ಹೇಳಬಹುದಿತ್ತು, ಆದರೆ ಹಕ್ಕಿ ನನಗೆ ಕಾಣಲಿಲ್ಲ. ದುರ್ಬೀನು ನನ್ನ ಕೊರಳಲ್ಲೇ ಇತ್ತು. "ಎಲ್ಲಿ?" ಅಂದರೆ "ಅಲ್ಲೇ" ಅಂತಾಳೆ. "ಅಲ್ಲೇ ಅಂದ್ರೆ?" "ಆ ಮರದ ಆಚೆ ಮರ, ಅದರ ಈಚೆ ಕೊಂಬೆ." ನಾನು ಕನ್ನಡಕ ಹಣೆಗೇರಿಸಿ, ದುರ್ಬೀನು ಕಣ್ಣಿಗಿಟ್ಟು, ತಿರುಪು ತಿರುಗಿಸುವ ಹೊತ್ತಿಗೆ ಕೊಂಬೆ ಮಾತ್ರ ಇರುತ್ತದೆ. ಕ್ಯಾಲಿಫೋರ್ನಿಯಾದ ಖಾಲಿ ಕೊಂಬೆಗಳನ್ನು ನನ್ನಷ್ಟು ಸ್ಪಷ್ಟವಾಗಿ ಕಂಡವರು ಇರಲಾರರು.

ಒಂದು ಕಡೆ ಮಾತ್ರ ನನ್ನ ಮಲೆನಾಡು ಕೆಲಸಕ್ಕೆ ಬಂತು. ದಾರಿಯ ಅಂಚಿನಲ್ಲಿ ಮೂರು ಮೂರು ಎಲೆಯ ಗಿಡವೊಂದು ಕೆಂಪಗೆ ಹಣ್ಣಾಗಿ ನಿಂತಿತ್ತು. ಎಷ್ಟು ಚಂದ ಅಂತ ಇವಳು ಕೈ ಚಾಚಿದಳು. ಮೊಮ್ಮಗಳು "ಪಾಯ್ಸನ್ ಓಕ್!" ಅಂತ ಕೂಗಿದಳು. ಮುಟ್ಟಿದರೆ ಮೈ ಬಾತು ಬೊಬ್ಬೆ ಏಳುತ್ತದಂತೆ. "ನಮ್ಮ ಹೊಲಗೇರಿನ ಜಾತಿ ಇರಬೇಕು" ಅಂದೆ. ಅಳಿಯಂದಿರು ಫೋನಿನಲ್ಲಿ ನೋಡಿ, "ಹೌದು ಮಾವ, ಒಂದೇ ಕುಟುಂಬ! ಮಾವು, ಗೋಡಂಬಿ ಎಲ್ಲ ಅದರಲ್ಲೇ ಬರ್ತವೆ" ಅಂದರು. ಆ "ಹೌದು ಮಾವ" ಅನ್ನುವುದನ್ನು ಇವಳು ಸರಿಯಾಗಿ ಕೇಳಿಸಿಕೊಂಡಳೋ ಇಲ್ಲವೋ ಅಂತ ಇನ್ನೊಮ್ಮೆ ಹೇಳಿಸಿದೆ.

ಹೈಕಿಂಗ್ ಅಂದರಲ್ಲ, ತುದಿಯವರೆಗೂ ಡಾಂಬರು ರಸ್ತೆ. ಕೊನೆಯ ಸ್ವಲ್ಪ ದೂರ ಗೋಡೆಯಂತೆ ಏರುತ್ತದೆ, ಅದರಲ್ಲೂ ಜನ ಸೈಕಲ್ ತುಳಿಯುತ್ತಾರೆ. ನಾವು ಕಾರಿನಲ್ಲಿ ಹತ್ತಿದೆವು. ಹತ್ತುವಾಗ ಆಯಾಸವಾದದ್ದು ನಿಜ.

ಶಿಖರ ಎಲ್ಲಿ ಅಂತ ಕೇಳಿದರೆ ಒಂದು ಕಲ್ಲಿನ ಕಟ್ಟಡ ತೋರಿಸಿದರು. 1930ರ ದಶಕದಲ್ಲಿ, ಕೆಲಸವಿಲ್ಲದ ಹುಡುಗರಿಗೆ ಸರ್ಕಾರ ಕೆಲಸ ಕೊಟ್ಟು ಕಟ್ಟಿಸಿದ್ದು. ಗೋಡೆಯ ಕಲ್ಲಿನಲ್ಲಿ ಸಮುದ್ರದ ಚಿಪ್ಪುಗಳು ಹುದುಗಿವೆ. ಬೆಟ್ಟದ ತುದಿಯಲ್ಲಿ ಕಡಲ ಚಿಪ್ಪು! ಒಳಗೆ ಹೋದರೆ ನಡುಮನೆಯಲ್ಲಿ, ನೆಲದಿಂದ ಒಂದು ಬಂಡೆ ಎದ್ದು ನಿಂತಿದೆ. ಅದೇ ಶಿಖರ. ಬೆಟ್ಟದ ತುದಿಗೆ ಸೂರು ಹಾಕಿ ಇಟ್ಟಿದ್ದಾರೆ. ನಮ್ಮಲ್ಲಿ ಮಳೆಗೆ ಅಂತ ಹಾಕಿದ್ದರೆ ಅರ್ಥವಿತ್ತು.

ನಗಬೇಕು ಅಂತಿದ್ದೆ, ಗೋಡೆಯ ಮೇಲಿನ ವಿವರ ಓದಿ ಮೈ ಜುಮ್ಮೆಂದಿತು. 1851ರಲ್ಲಿ ಈ ತುದಿಯನ್ನೇ ಮೂಲಬಿಂದುವಾಗಿಟ್ಟು ಭೂಮಾಪನ ಶುರು ಮಾಡಿದರು. ಕ್ಯಾಲಿಫೋರ್ನಿಯಾದ ಬಹುಪಾಲು, ಪಕ್ಕದ ನೆವಾಡ ರಾಜ್ಯ ಪೂರ್ತಿ, ಎಲ್ಲ ಜಮೀನಿನ ಅಳತೆಯೂ ಇಲ್ಲಿಂದಲೇ. ಎರಡು ರಾಜ್ಯಕ್ಕೆ ಒಂದೇ ಸರ್ವೆ ಕಲ್ಲು! ತೀರ್ಥಹಳ್ಳಿಯಲ್ಲಿ ಅಣ್ಣತಮ್ಮಂದಿರ ಒಂದೆಕರೆ ಬಾಗಾಯ್ತಿಗೆ ನಾಲ್ಕು ಕಲ್ಲು ನೆಟ್ಟು, ನಾಲ್ಕೂ ರಾತ್ರೋರಾತ್ರಿ ನಡೆದು ಹೋದದ್ದನ್ನು ಕಂಡವನು ನಾನು. ಈ ಕಲ್ಲನ್ನು ಯಾರೂ ಸರಿಸಿಲ್ಲ. ಸರಿಸುವ ಹಾಗೂ ಇಲ್ಲ, ಕೆಳಗೆ ಪೂರಾ ಬೆಟ್ಟವಿದೆ.

ಪಕ್ಕದಲ್ಲಿ ಸೈಕಲ್ ತುಳಿದು ಬಂದ ಒಬ್ಬ ಬಿಳಿಯ ತರುಣ ಗೋಡೆಗೆ ಒರಗಿ ಏದುತ್ತಿದ್ದ. ಅವನಿಗೆ ಪಹಣಿ, ಹಿಸ್ಸಾ, ಪೋಡಿ ದುರಸ್ತಿ, ಆಕಾರಬಂದ್ ಎಲ್ಲವನ್ನೂ ನನ್ನ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಬಹಳ ಶ್ರದ್ಧೆಯಿಂದ ಕೇಳಿದ. ಉಸಿರು ಸರಿಹೋದ ಕೂಡಲೇ ಹೊರಟುಹೋದ.

ನಮ್ಮವರು ಯಾರೂ ಕಾಣಲಿಲ್ಲ. ಶಿಖರದ ಸುತ್ತ ಮುಕ್ಕಾಲು ಮೈಲಿಗೂ ಕಡಿಮೆಯ ಒಂದು ಸುತ್ತುದಾರಿ ಇದೆ, ಅದರಲ್ಲಿ ಮುಂದೆ ಹೋಗಿದ್ದರು. ಶುರುವಿನಲ್ಲೇ ಮತ್ತೊಂದು ಫಲಕ: ಇದು ಮೌಂಟನ್ ಲಯನ್ ಇರುವ ಸೀಮೆ. ಎದುರಾದರೆ ಓಡಬೇಡಿ, ಕೈ ಮೇಲೆತ್ತಿ, ಕೋಟು ಬಿಚ್ಚಿ ಹರಡಿ, ದೊಡ್ಡದಾಗಿ ಕಾಣಿಸಿಕೊಳ್ಳಿ, ಗಟ್ಟಿಯಾಗಿ ಮಾತಾಡಿ. ಎದುರಾಗುವ ತನಕ ಕಾಯುವುದು ಜಾಣರ ಲಕ್ಷಣವಲ್ಲ. ನಾನು ಮೊದಲಿನಿಂದಲೇ ಶಾಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಹರಡಿ ಹಿಡಿದೆ. ಗಟ್ಟಿಯಾಗಿ ಏನು ಮಾತಾಡುವುದು? ಬಾಯಿಗೆ ಬಂದದ್ದು ಭೂಕಂದಾಯ ಕಾಯಿದೆ. ಕಲಮು ಕಲಮಾಗಿ ಹೇಳುತ್ತಾ ನಡೆದೆ. ಎದುರಿಗೆ ಬಂದ ದಂಪತಿ ದಾರಿ ಬಿಟ್ಟು ಪೊದೆಯ ಪಕ್ಕ ನಿಂತರು. ಗಂಡ ಹೆಂಡತಿಯನ್ನು ಹಿಂದಕ್ಕೆ ಸರಿಸಿದ್ದೂ ಕಂಡಿತು.

ಅರ್ಧ ಸುತ್ತಿನಲ್ಲಿ ನಮ್ಮವರು ಸಿಕ್ಕಿದರು. ಎಲ್ಲರ ಮುಖವೂ ದಪ್ಪಗಾಗಿತ್ತು.

"ಕಾಡುಬೆಕ್ಕು, ಬಾಬ್‌ಕ್ಯಾಟ್!" ಅಂದಳು ಮೊಮ್ಮಗಳು, ಅಳುವುದೊಂದು ಬಾಕಿ. "ಅಳಿಲಿಗೆ ಹೊಂಚು ಹಾಕಿ ಕೂತಿತ್ತು, ಅಜ್ಜಿ ಮೊದ್ಲು ನೋಡಿದ್ದು. ಅಷ್ಟರಲ್ಲಿ ಯಾರೋ ಕೂಗ್ತಾ ಬಂದ್ರು, ಓಡಿಹೋಯ್ತು."

"ಯಾರೋ ಅಲ್ಲ" ಅಂದಳು ಇವಳು. "ಆ ಬೆಕ್ಕಿಗೂ ಗೊತ್ತಾಗಿರಬೇಕು. ಸಿಂಹ ಬಂದ್ರೆ ಗಟ್ಟಿಯಾಗಿ ಮಾತಾಡಬೇಕಂತಲ್ಲ, ನಿಮ್ಮನ್ನ ಕರ್ಕೊಂಡು ಬಂದದ್ದಕ್ಕೆ ಈ ಗುಡ್ಡದಲ್ಲಿ ಇನ್ನೊಂದು ವಾರ ಯಾರಿಗೂ ಭಯ ಇಲ್ಲ ಮಾರಾಯ್ರೆ."

ನಾನು ಶಾಲು ಮಡಿಸಿ ಹೆಗಲಿಗೆ ಹಾಕಿಕೊಂಡೆ.

ಸೂರ್ಯ ಮುಳುಗುವಷ್ಟರಲ್ಲಿ ಗೇಟು ಹಾಕುತ್ತಾರೆ ಅಂತ ಇಳಿಯತೊಡಗಿದೆವು. ಅರ್ಧ ದಾರಿಯಲ್ಲಿ ಅಳಿಯಂದಿರು ಗಕ್ಕನೆ ಬ್ರೇಕ್ ಹಾಕಿದರು. ರಸ್ತೆಯ ನಡುವೆ ಅಂಗೈಯಗಲದ ಕೂದಲುಳ್ಳ ಜೇಡ, ಟ್ಯಾರಂಟುಲಾ, ನಿಧಾನಕ್ಕೆ ಒಂದೊಂದೇ ಕಾಲು ಇಡುತ್ತಾ ದಾಟುತ್ತಿತ್ತು. ಎಲ್ಲರೂ ಇಳಿದರು. ಚೀಲಗಳನ್ನು ನೋಡಿಕೊಳ್ಳಲು ಕಾರಿನಲ್ಲಿ ಒಬ್ಬರು ಬೇಕಲ್ಲ, ನಾನು ಉಳಿದೆ.

ಕಿಟಕಿಯ ಸಂದಿನಿಂದ ರೇಂಜರಮ್ಮನ ಪಾಠ ಕೇಳಿಸುತ್ತಿತ್ತು. ಇದು ಗಂಡು. ಪ್ರಾಯಕ್ಕೆ ಬರಲು ಏಳೆಂಟು ವರ್ಷ ಬೇಕು, ಬಂದ ಮೇಲೆ ಈ ಕಾಲದಲ್ಲಿ ಹೆಣ್ಣನ್ನು ಹುಡುಕಿಕೊಂಡು ಊರೆಲ್ಲ ಅಲೆಯುತ್ತದೆ. ಹೆಣ್ಣು ಮಾತ್ರ ತನ್ನ ಬಿಲದಲ್ಲೇ ಇರುತ್ತದೆ, ಇಪ್ಪತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಗಂಡು ಹೋಗಿ ಬಾಗಿಲಲ್ಲಿ ಕಾಲಿನಿಂದ ತಟ್ಟಬೇಕು. ಕೆಲಸವಾದ ಮೇಲೆ ಬೇಗ ಜಾಗ ಖಾಲಿ ಮಾಡದಿದ್ದರೆ ಅವಳೇ ತಿಂದರೂ ತಿಂದಳು. ತಪ್ಪಿಸಿಕೊಂಡರೂ ಚಳಿಗಾಲ ಕಳೆಯುವಷ್ಟು ಆಯುಷ್ಯವಿಲ್ಲ.

"ಅಯ್ಯೋ ಪಾಪ" ಅಂದಳು ಇವಳು. ನನ್ನ ಬಗ್ಗೆ ಆ ದನಿಯಲ್ಲಿ ಅವಳು ಮಾತಾಡಿದ್ದು ನನಗೆ ನೆನಪಿಲ್ಲ.

ಜೇಡ ರಸ್ತೆಯ ನಡುವೆಯೇ ನಿಂತಿತು. ಹಿಂದೆ ಇನ್ನೊಂದು ಕಾರು ಬಂದು ದೀಪ ಹಾಕಿತು. "ಮಾವ, ನಿಮ್ಮ ಕೋಲಿಂದ ಸ್ವಲ್ಪ ಆಚೆ ದಾಟಿಸ್ತೀರಾ?" ಅಂತ ಅಳಿಯಂದಿರು ಕಿಟಕಿಗೆ ಬಂದರು. ನಾನು ಗಾಜನ್ನು ಒಂದಿಷ್ಟೂ ಇಳಿಸದೆ, "ವನ್ಯಜೀವಿಗೆ ಉಪದ್ರವ ಕೊಡುವುದು ನಿಯಮಕ್ಕೆ ವಿರುದ್ಧ" ಅಂದೆ. ಮೊಮ್ಮಗಳಿಗೆ ಎಷ್ಟು ಖುಷಿಯಾಯಿತೆಂದರೆ, "ಕರೆಕ್ಟ್ ಅಜ್ಜ!" ಅಂತ ಪುಸ್ತಕ ತೆಗೆದು ನನ್ನ ಹೆಸರಿಗೆ ಕಾಟು ಹಾಕಿದಳು. ಆ ದಿನ ಸರ್ಕಾರದ ಕಡೆಯಿಂದ ಮೆಚ್ಚುಗೆ ಪಡೆದವನು ನಾನೊಬ್ಬನೇ.

ಇವಳು ಹಿಂದಿನ ಕಾರಿಗೆ ಕೈ ತೋರಿಸಿ ತಡೆದು, ನೆಂಟರನ್ನು ಕಳಿಸುವವಳ ಹಾಗೆ ಜೇಡದ ಹಿಂದೆ ಹಿಂದೆ ಹುಲ್ಲಿನ ಅಂಚಿನವರೆಗೂ ನಡೆದಳು. ಅದು ಒಳಗೆ ಸೇರಿದ ಮೇಲೆ ಬಂದು ಪಕ್ಕದಲ್ಲಿ ಕೂತು, ಬಾಗಿಲು ಹಾಕಿ, ಸೀಟಿನ ಕಡೆಗೊಮ್ಮೆ ನೋಡಿದಳು.

"ಹೋಯ್ತು ಅದು" ಅಂದಳು. "ಇನ್ನು ಕಾಲು ಕೆಳಗಿಡಿ."