ಹತ್ತಕ್ಕೆ ಹನ್ನೊಂದು

ಶುಕ್ರವಾರ ಬೆಳಗಿನ ಆಟ ಇನ್ನೂ ಇಂಟರ್‌ವಲ್ ತಲುಪಿರುವುದಿಲ್ಲ, ಆಗಲೇ ಕೆ.ಜಿ. ರಸ್ತೆಯ ಥಿಯೇಟರ್ ಗೇಟಿನಲ್ಲಿ ಯೂಟ್ಯೂಬ್ ಚಾನೆಲ್ಲುಗಳ ಮೈಕುಗಳು ಕಾದು ನಿಂತಿರುತ್ತವೆ. ಇಂಟರ್‌ವಲ್ ಆಗಿ ಬಾತ್‌ರೂಮಿಗೆಂದು ಆಚೆ ಬಂದ ಹುಡುಗನ ಬಾಯಿಗೆ ನಾಲ್ಕು ಮೈಕು ಒಟ್ಟಿಗೇ ಬಂದು ನಿಲ್ಲುತ್ತವೆ. "ಹೇಗಿದೆ ಬ್ರೋ ಮೂವಿ?" ಬ್ರೋ ಬಂದ ಕೆಲಸ ಮರೆಯುತ್ತಾನೆ. "ಬೆಂಕಿ ಗುರೂ! ಎಂಟ್ರಿ ಸೀನ್‌ಗೆ ಗೂಸ್‌ಬಂಪ್ಸ್! ಇಂಟರ್‌ವಲ್ ಬ್ಲಾಕ್ ಅಂತೂ ನೆಕ್ಸ್ಟ್ ಲೆವೆಲ್!" ಹತ್ತಕ್ಕೆ ಎಷ್ಟು ಕೊಡ್ತೀರಾ ಎಂದು ಮೈಕು ಕೇಳುತ್ತದೆ. "ಹತ್ತಕ್ಕೆ ಹನ್ನೊಂದು!" ನೋಡಿರುವುದು ಅರ್ಧ ಸಿನಿಮಾ. ಇನ್ನರ್ಧವನ್ನೂ ನೋಡಿಬಿಟ್ಟರೆ ಇಪ್ಪತ್ತೆರಡು ಕೊಡಬೇಕಾಗುತ್ತದಲ್ಲ ಎಂಬ ಲೆಕ್ಕ ಅಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಅದೇ ಹೊತ್ತಿಗೆ ಗೇಟಿನ ಇನ್ನೊಂದು ಬದಿಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಹಿರಿಯರೊಬ್ಬರು "ನಾನೊಬ್ಬ ಸಾಮಾನ್ಯ ಪ್ರೇಕ್ಷಕನಾಗಿ ಹೇಳ್ತಿದೀನಿ" ಎಂದು ಶುರು ಮಾಡಿರುತ್ತಾರೆ. ಸಾಮಾನ್ಯ ಪ್ರೇಕ್ಷಕ ಯಾವತ್ತೂ ಹಾಗೆ ಶುರು ಮಾಡುವುದಿಲ್ಲ. ಹೊಸ ಹುಡುಗನ ಅಭಿನಯದಲ್ಲಿ ಇವರಿಗೆ ಅಣ್ಣಾವ್ರ ವಿನಯ, ವಿಷ್ಣು ಅವರ ಗತ್ತು, ಅಂಬರೀಷ್ ಅವರ ಖದರು ಮೂರೂ ಕಂಡಿವೆ. "ಎಲ್ರೂ ಫ್ಯಾಮಿಲಿ ಸಮೇತ ಬಂದು ನೋಡಿ" ಎಂದು ಕೈ ಮುಗಿಯುತ್ತಾರೆ. ಇವರಂತೂ ಫ್ಯಾಮಿಲಿ ಸಮೇತವೇ ಬಂದಿದ್ದಾರೆ. ತೆರೆಯ ಮೇಲಿನ ಹೀರೊ ಅದೇ ಫ್ಯಾಮಿಲಿಯವನು. ಸಂಜೆಯೊಳಗೆ ಈ ಮಾತು 'ಪಬ್ಲಿಕ್ ರಿವ್ಯೂ' ಎಂಬ ತಲೆಬರಹದಲ್ಲಿ ಊರೆಲ್ಲ ಸುತ್ತಿ ಬಂದಿರುತ್ತದೆ.

ಅವರನ್ನು ಬೈದು ಪ್ರಯೋಜನವಿಲ್ಲ. ನಮ್ಮಲ್ಲಿ ಸಿನಿಮಾ ಯಾವಾಗಲೂ ಯಾರದೋ ಆಗಿರುತ್ತದೆ. ಒಬ್ಬ ಸ್ಟಾರ್‌ನದು, ಒಂದು ಜಿಲ್ಲೆಯದು, ಒಂದು ಜಾತಿಯದು, ಏನೂ ಇಲ್ಲದಿದ್ದರೆ ನಮ್ಮ ಭಾವಮೈದುನನ ರೂಮ್‌ಮೇಟ್‌ನದು. ಯಾರದೂ ಅಲ್ಲದ ಸಿನಿಮಾ ಬಂದರೆ ಅದನ್ನು ನೋಡಲು ಯಾರೂ ಹೋಗುವುದಿಲ್ಲ. ಹೀಗಿರುವಾಗ "ನನಗೆ ಇಷ್ಟ ಆಗಲಿಲ್ಲ" ಎಂದವನು ಸಿನಿಮಾದ ಬಗ್ಗೆ ಮಾತಾಡಿದಂತಲ್ಲ, ಒಂದು ಮನೆತನದ ಜತೆ ಜಗಳಕ್ಕೆ ಬಿದ್ದಂತೆ.

ಪ್ರೀಮಿಯರ್ ಶೋ ಮುಗಿಯುವ ಹೊತ್ತಿಗೆ ಬಾಗಿಲ ಬಳಿ ನಿಂತು ನೋಡಿ. ಮದುವೆ ಮನೆಯ ಊಟದ ಹಾಲ್ ಮುಂದೆ ಹೆಣ್ಣಿನ ತಂದೆ ನಿಲ್ಲುವ ಹಾಗೆ ನಿರ್ದೇಶಕ ನಿಂತಿರುತ್ತಾನೆ. ಸಾಲ ಮಾಡಿ ತೆಗೆದ ಸಿನಿಮಾ, ನಿದ್ದೆಗೆಟ್ಟ ಕಣ್ಣು. ಹೊರಗೆ ಬಂದ ಒಬ್ಬೊಬ್ಬರ ಕೈಯನ್ನೂ ಹಿಡಿದು "ಹೇಗಿತ್ತು ಸರ್?" ಎನ್ನುತ್ತಾನೆ. ಎರಡೂವರೆ ಗಂಟೆ ಕುರ್ಚಿಯಲ್ಲಿ ಮಗ್ಗುಲು ಬದಲಿಸಿದವನು ಆ ಮುಖ ನೋಡಿ ಏನು ತಾನೇ ಹೇಳಬೇಕು? "ನಿಮ್ಮ ಎಫರ್ಟ್ ಎದ್ದು ಕಾಣುತ್ತೆ" ಎನ್ನುತ್ತಾನೆ. ಅವನ ಹಿಂದಿನವನು "ಲೊಕೇಶನ್ ಎಲ್ಲಿ ಸರ್, ಸಕಲೇಶಪುರಾನಾ?" ಎಂದು ಕೇಳಿ ಪಾರಾಗುತ್ತಾನೆ. ಮೂರನೆಯವನು ಬಾರದ ಫೋನನ್ನು ಕಿವಿಗೆ ಒತ್ತಿಕೊಂಡು ಹೆಬ್ಬೆರಳೆತ್ತಿ ದಾಟುತ್ತಾನೆ. ನಾಲ್ಕನೆಯವನು ನುರಿತವನು. "ಇಂಥದ್ದು ನಮ್ಮಲ್ಲಿ ಇಲ್ಲೀವರೆಗೂ ಬಂದೇ ಇಲ್ಲ ಬಿಡಿ" ಎಂದು ನಿರ್ದೇಶಕನನ್ನು ಅಪ್ಪಿಕೊಳ್ಳುತ್ತಾನೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆಮೇಲೆ ಪಾರ್ಕಿಂಗಿನಲ್ಲಿ ಹೆಲ್ಮೆಟ್ ಕೈಯಲ್ಲಿ ಹಿಡಿದು ಈ ನಾಲ್ವರೂ ಹತ್ತು ನಿಮಿಷ ಮಾತಾಡಿಕೊಳ್ಳುತ್ತಾರೆ. ಕನ್ನಡದ ಅತ್ಯುತ್ತಮ ಚಿತ್ರವಿಮರ್ಶೆ ಇರುವುದು ಆ ಹತ್ತು ನಿಮಿಷದಲ್ಲಿ. ಅದು ಎಲ್ಲೂ ಅಚ್ಚಾಗುವುದಿಲ್ಲ.

ಅಚ್ಚಾಗುವುದು ನಕ್ಷತ್ರಗಳು. ಸಿನಿಮಾಕ್ಕೆ ನಕ್ಷತ್ರ ಹಂಚುವ ಚಟ ಪತ್ರಿಕೆಗಳಿಗೆ ಅಂಟಿದ್ದು 1928ರಲ್ಲಿ, ನ್ಯೂಯಾರ್ಕಿನ ಡೈಲಿ ನ್ಯೂಸ್‌ನಲ್ಲಿ. ಐರೀನ್ ಥೈರರ್ ಎಂಬ ವಿಮರ್ಶಕಿ ಮೂರು ನಕ್ಷತ್ರದ ಲೆಕ್ಕ ಇಟ್ಟುಕೊಂಡು, ಮೊದಲನೇ ಚಿತ್ರಕ್ಕೇ ಒಂದು ನಕ್ಷತ್ರ ಕೊಟ್ಟು ಕೈ ತೊಳೆದುಕೊಂಡರು. ಆಕೆಗೆ ಗಾಂಧಿನಗರದಲ್ಲಿ ಒಂದು ವಾರ ಕೆಲಸ ಉಳಿಯುತ್ತಿರಲಿಲ್ಲ. ನಮ್ಮಲ್ಲಿ ಐದಕ್ಕೆ ಮೂರು ಎಂಬುದು ಹಾಜರಾತಿಗೆ ಕೊಡುವ ಅಂಕ. ತೆರೆ ಮೇಲೆ ಬೆಳಕು ಬಿದ್ದರೆ ಸಾಕು, ಮೂರು ಬಂತು. ಕಥೆಯೂ ಇದ್ದರೆ ಮೂರೂವರೆ. ಸಿನಿಮಾ ಪೂರಾ ಕೈಕೊಟ್ಟಿದ್ದರೆ ಎರಡೂವರೆ, ಜೊತೆಗೆ 'ಇನ್ನಷ್ಟು ಬಿಗಿಯಾಗಿದ್ದರೆ ಚೆನ್ನಾಗಿತ್ತು' ಎಂಬ ಸಾಂತ್ವನದ ಸಾಲು. ಎರಡಕ್ಕೆ ಇಳಿದರೆ ಜಾಹೀರಾತು ವಿಭಾಗದಿಂದ ಫೋನು ಬರುತ್ತದೆ. ಇನ್ನೂ ಇಳಿದವರು ಯಾರಾದರೂ ಇದ್ದರೆ ಅವರು ಈಗ ಕೃಷಿ ಪುಟ ನೋಡಿಕೊಳ್ಳುತ್ತಿರಬಹುದು.

ಪತ್ರಿಕೆಯವರಿಗಾದರೂ ಸಿನಿಮಾ ನೋಡುವ ಕಷ್ಟ ಇದೆ. ಟಿಕೆಟ್ ಮಾರುವ ಆ್ಯಪ್‌ನಲ್ಲಿ ಅದೂ ಬೇಡ, ಅಭಿಪ್ರಾಯ ರೆಡಿಮೇಡ್ ಸಿಗುತ್ತದೆ. ಅದ್ಭುತ ನಟನೆ, ಸೂಪರ್ ನಿರ್ದೇಶನ, ಬ್ಲಾಕ್‌ಬಸ್ಟರ್ ಎಂಬ ಚೀಟಿಗಳು ಹ್ಯಾಶ್ ಗುರುತಿನೊಂದಿಗೆ ಸಾಲಾಗಿ ಕಾದಿರುತ್ತವೆ; ಒತ್ತಿದರಾಯಿತು. 'ಮಧ್ಯೆ ಎದ್ದು ಹೋದೆ' ಎಂಬ ಚೀಟಿ ಹುಡುಕಿ ನೋಡಿ, ಸಿಕ್ಕರೆ ಹೇಳಿ. ಇನ್ನು ಅಂಕ ಕೊಡುವವರಲ್ಲಿ ಗದ್ದಲ ಮಾಡುವವರು ಎರಡೇ ಪಂಗಡ. ಒಂದು ಪಂಗಡದ್ದು ಹತ್ತು, ಇನ್ನೊಂದರದ್ದು ಒಂದು. ಹತ್ತು ಕೊಟ್ಟವರು ಈ ಸ್ಟಾರ್‌ನ ಅಭಿಮಾನಿಗಳು, ಒಂದು ಕೊಟ್ಟವರು ಆ ಸ್ಟಾರ್‌ನ ಅಭಿಮಾನಿಗಳು, ಇಬ್ಬರೂ ಟಿಕೆಟ್‌ಗೆ ಕ್ಯೂ ನಿಲ್ಲುವಾಗಲೇ ತೀರ್ಪು ಬರೆದು ಮುಗಿಸಿದವರು. ಎರಡನ್ನೂ ಕೂಡಿ ಭಾಗಿಸಿದರೆ ಐದೂವರೆ ಬರುತ್ತದೆ. ಐದೂವರೆ ಎಂದು ಈ ಭೂಮಿಯ ಮೇಲೆ ಒಬ್ಬನಿಗೂ ಅನ್ನಿಸಿರುವುದಿಲ್ಲ, ಆದರೂ ಅದೇ ಜನಾಭಿಪ್ರಾಯ.

ಇದು ನಮ್ಮ ಹುಡುಗರದೇ ಆವಿಷ್ಕಾರ ಎಂದು ಬೀಗಬೇಕಾಗಿಲ್ಲ. 2008ರಲ್ಲಿ 'ದಿ ಡಾರ್ಕ್ ನೈಟ್' ಬಂದಾಗ ಬ್ಯಾಟ್‌ಮ್ಯಾನ್ ಅಭಿಮಾನಿಗಳು ಐಎಂಡಿಬಿ ಪಟ್ಟಿಯ ತಲೆಯಲ್ಲಿದ್ದ 'ಗಾಡ್‌ಫಾದರ್'ಗೆ ಒಂದೊಂದೇ ಅಂಕ ಕುಟ್ಟಿ ಕೆಳಗಿಳಿಸಿದ್ದರು. ಮೂವತ್ತಾರು ವರ್ಷದ ಹಿಂದಿನ ಸಿನಿಮಾ ಇದ್ದಕ್ಕಿದ್ದಂತೆ ಕೆಟ್ಟುಹೋಗಿತ್ತು. ಇವರ ಕಿತ್ತಾಟದಲ್ಲಿ ಮೊದಲನೇ ಸ್ಥಾನಕ್ಕೆ ಬಂದು ಕೂತದ್ದು 'ಶಾಶಾಂಕ್ ರಿಡೆಂಪ್ಷನ್'. 1994ರಲ್ಲಿ ಬಿಡುಗಡೆಯಾದಾಗ ಅದು ಥಿಯೇಟರಿನಲ್ಲಿ ಮಕಾಡೆ ಮಲಗಿದ್ದ ಚಿತ್ರ.

ಈ ಅಂಕದ ಯುದ್ಧ ಈಗ ಕೋರ್ಟಿಗೂ ಬಂದಿದೆ. 2024ರಲ್ಲಿ ಕೇರಳ ಹೈಕೋರ್ಟಿಗೆ ಸಲ್ಲಿಕೆಯಾದ ಅಮಿಕಸ್ ಕ್ಯೂರಿ ವರದಿ, ಬಿಡುಗಡೆಯಾಗಿ 48 ಗಂಟೆ ಕಳೆಯುವವರೆಗೆ ವ್ಲಾಗರುಗಳು ಬಾಯಿ ಮುಚ್ಚಿಕೊಂಡಿರಲಿ ಎಂಬರ್ಥದ ಸಲಹೆ ಕೊಟ್ಟಿತು. ಅದೇ ವರ್ಷದ ಕೊನೆಯಲ್ಲಿ ತಮಿಳು ನಿರ್ಮಾಪಕರು ಮೂರು ದಿನ ವಿಮರ್ಶೆಯೇ ಬೇಡ ಎಂದು ಮದ್ರಾಸ್ ಹೈಕೋರ್ಟಿನ ಮೆಟ್ಟಿಲು ಹತ್ತಿದರು, ಕೋರ್ಟ್ ಒಪ್ಪಲಿಲ್ಲ. ನಮ್ಮವರು ಸಲಹೆ ಗಿಲಹೆಗೆ ಕಾಯುವವರಲ್ಲ. 2025ರ ಡಿಸೆಂಬರಿನಲ್ಲಿ 'ದಿ ಡೆವಿಲ್' ತೆರೆಗೆ ಬಂದಾಗ ಟಿಕೆಟ್ ಆ್ಯಪ್‌ನಲ್ಲಿ ಅಂಕ ಇರಬೇಕಾದ ಜಾಗದಲ್ಲಿ, ಕೋರ್ಟ್ ಆದೇಶದ ಮೇರೆಗೆ ರೇಟಿಂಗ್ ನಿಲ್ಲಿಸಲಾಗಿದೆ ಎಂಬ ಒಕ್ಕಣೆ ಇತ್ತು. ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಎಂದು ಕೇಳಿದರೆ ವಕೀಲರನ್ನು ಕೇಳಿ ಎಂಬ ಉತ್ತರ ಬಂದದ್ದು ನಮ್ಮ ಚಿತ್ರರಂಗದ ಹೊಸ ಸಾಧನೆ.

ನ್ಯಾಯವಾಗಿ ಹೇಳಬೇಕೆಂದರೆ ನಿರ್ಮಾಪಕರ ಸಂಕಟ ಸುಳ್ಳಲ್ಲ. ಮನೆಪತ್ರ ಅಡವಿಟ್ಟವನ ಸಿನಿಮಾಕ್ಕೆ, ಪೋಸ್ಟರ್ ಬಿಟ್ಟು ಬೇರೇನೂ ನೋಡದ ಪಡ್ಡೆಗಳು ಬೆಳಗಿನ ಜಾವವೇ ಎದ್ದು ಒಂದೊಂದು ಅಂಕ ಹೊಡೆದರೆ ಹೊಟ್ಟೆ ಉರಿಯುತ್ತದೆ. ಆದರೆ ಆ ಒಂದನ್ನು ಓಡಿಸುವ ಭರಾಟೆಯಲ್ಲಿ, ದುಡ್ಡು ಕೊಟ್ಟು ನೋಡಿ ಪ್ರಾಮಾಣಿಕವಾಗಿ ನಾಲ್ಕು ಕೊಡಲು ಬಂದವನನ್ನೂ ಕತ್ತು ಹಿಡಿದು ಆಚೆ ಹಾಕಿದ್ದಾಯಿತು. ಹತ್ತಕ್ಕೆ ಹನ್ನೊಂದು ಕೊಡುವವನ ವಿರುದ್ಧ ತಡೆಯಾಜ್ಞೆ ತಂದ ನಿರ್ಮಾಪಕ ಮಾತ್ರ ಇನ್ನೂ ಹುಟ್ಟಬೇಕಷ್ಟೆ.

ಹಿಂದೆ ಇಷ್ಟೆಲ್ಲ ನಾಜೂಕು ಇರಲಿಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲ್ ತರಾಸು ಅವರ ಮೂರು ಕಾದಂಬರಿ ಸೇರಿಸಿ 'ನಾಗರಹಾವು' ತೆಗೆದರು. ನೋಡಿದ ತರಾಸು, ನನ್ನ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರು ಎಂದರಂತೆ. ನಕ್ಷತ್ರವಿಲ್ಲ, ಅಂಕವಿಲ್ಲ, ಎಫರ್ಟ್ ಕಾಣುತ್ತೆ ಎಂಬ ಉಪಚಾರವಿಲ್ಲ. ಹಾಗೆಂದು ಸಿನಿಮಾ ನೆಲಕಚ್ಚಲಿಲ್ಲ; ಜನ ಮುಗಿಬಿದ್ದು ನೋಡಿದರು, ವಿಷ್ಣುವರ್ಧನ್ ಹೀರೊ ಆದರು, ಅಂಬರೀಷ್ ಎಂಬ ಹೊಸಬ ಸಿಕ್ಕ. ಕಾದಂಬರಿಕಾರನ ಸಿಟ್ಟಿಗೂ ಜನರ ಸಿಳ್ಳೆಗೂ ಒಂದೇ ಊರಿನಲ್ಲಿ ಜಾಗ ಇತ್ತು. ಅದಕ್ಕೂ ಮೊದಲು 1970ರ 'ಸಂಸ್ಕಾರ'ಕ್ಕೆ ಮದ್ರಾಸಿನ ಸೆನ್ಸಾರ್ ಮಂಡಳಿ ಸೊನ್ನೆ ಸುತ್ತಿ, ಜನರಿಗೆ ತೋರಿಸಲೇ ಕೂಡದು ಎಂದಿತ್ತು. ನಿಷೇಧ ತೆರವಾಗಿ ಹೊರಬಂದ ಅದೇ ಚಿತ್ರ ಆ ವರ್ಷದ ದೇಶದ ಅತ್ಯುತ್ತಮ ಚಿತ್ರವಾಯಿತು. ಸರ್ಕಾರದ ಎಡಗೈಗೂ ಬಲಗೈಗೂ ಒಂದೇ ಸಿನಿಮಾ ಎರಡು ಥರ ಕಂಡಿತು.

ಈ ರೇಟಿಂಗ್ ವ್ಯವಹಾರ ಸರಿಯಾಗಿ ಅರ್ಥವಾಗಿದ್ದು ಉಪೇಂದ್ರ ಅವರಿಗೆ ಮಾತ್ರ. ಪ್ರೇಕ್ಷಕ ತನಗೆ ಅಂಕ ಕೊಡುವ ಮುಂಚೆ ತಾನೇ ಪ್ರೇಕ್ಷಕನಿಗೆ ಅಂಕ ಕೊಟ್ಟುಬಿಡುತ್ತಾರೆ. 1998ರಲ್ಲಿ 'ಎ' ಬಂದಾಗ ಬುದ್ಧಿವಂತರಿಗೆ ಮಾತ್ರ ಎಂದು ಬರೆಸಿದರು; ಅರ್ಥವಾಗಲಿಲ್ಲ ಎಂದು ಹೇಳಲು ಯಾರಿಗೂ ಧೈರ್ಯ ಬರಲಿಲ್ಲ. 2024ರಲ್ಲಿ 'ಯುಐ' ಬಂದಾಗ ತಿರುಗಿಸಿ, ಬುದ್ಧಿವಂತರಾಗಿದ್ದರೆ ಎದ್ದು ಹೋಗಿ ಎಂದು ಮೊದಲೇ ತೆರೆಯ ಮೇಲೆ ಹಾಕಿದರು. ಟಿಕೆಟ್‌ಗೆ ದುಡ್ಡು ಕೊಟ್ಟವನು ಯಾಕೆ ಎದ್ದಾನು? ಕೂತು ಪೂರ್ತಿ ನೋಡಿದ. ಆಮೇಲೆ ಬೈದರೂ ಹೊಗಳಿದರೂ ಅವನೇ ಸಿಕ್ಕಿಹಾಕಿಕೊಳ್ಳುತ್ತಾನೆ.

ಮನೆಯಲ್ಲಿ ಕೂತು ನೋಡುವವರದ್ದು ಬೇರೆಯೇ ನ್ಯಾಯ. ನಮ್ಮ ಬೀದಿಯಲ್ಲೊಬ್ಬರು ನಿವೃತ್ತ ಮೇಷ್ಟ್ರಿದ್ದಾರೆ, ಒಟಿಟಿಯ ಭಕ್ತರು. ಸಂಜೆ ವಾಕಿಂಗಿನಲ್ಲಿ ಅವರಿಂದ ತಪ್ಪಿಸಿಕೊಂಡವರಿಲ್ಲ. ಮಲಯಾಳಂ ಚಿತ್ರವೊಂದರಲ್ಲಿ ಮಳೆ ಸುರಿಯುವ ಅಂಗಳವನ್ನು ನೋಡುತ್ತ ಮುದುಕನೊಬ್ಬ ಚಹಾ ಕುಡಿದು ಮುಗಿಸುವವರೆಗೂ ಕ್ಯಾಮೆರಾ ಕದಲುವುದಿಲ್ಲ ಎಂದು ಕಣ್ಣರಳಿಸಿ ಹೇಳುತ್ತಾರೆ. "ಏನ್ ಮೇಕಿಂಗು ರೀ! ಆ ಸೈಲೆನ್ಸ್!" ಎಂದು ಎದೆ ಮುಟ್ಟಿಕೊಳ್ಳುತ್ತಾರೆ. ಅದೇ ಮಳೆ ಆಗುಂಬೆಯಲ್ಲಿ ಸುರಿದು, ಅದೇ ಮುದುಕ ಕನ್ನಡದಲ್ಲಿ ಕಾಫಿ ಕುಡಿದರೆ "ತುಂಬಾ ಲ್ಯಾಗು ಕಣ್ರೀ, ಒಂದೂವರೆ ಸ್ಪೀಡಿಗೆ ಇಟ್ಕೊಂಡು ನೋಡ್ದೆ" ಎನ್ನುತ್ತಾರೆ. ಸಬ್‌ಟೈಟಲ್ ಓದುವ ಕಷ್ಟ ಬಿದ್ದಷ್ಟೂ ಅವರ ಅಂಕ ಏರುತ್ತದೆ. ಕೊರಿಯನ್‌ಗೆ ನಾಲ್ಕೂವರೆ, ಇರಾನಿಗೆ ಐದು. ಇವರ ಎದುರುಮನೆಯ ಹುಡುಗ ಇದಕ್ಕೆ ತದ್ವಿರುದ್ಧ. ನಾವೇ ನೋಡದಿದ್ದರೆ ಕನ್ನಡ ಸಿನಿಮಾ ಯಾರು ನೋಡ್ತಾರೆ ಎಂದು ಕೃಪಾಂಕ ಸುರಿಯುತ್ತಾನೆ. ಕೃಪಾಂಕದ ಮೇಲೆ ಪಾಸಾದ ಚಿತ್ರರಂಗ ಮುಂದಿನ ತರಗತಿಯಲ್ಲಿ ಏನು ಓದೀತು ಎಂದು ಕೇಳಿದರೆ ನನ್ನನ್ನು ಕನ್ನಡ ದ್ರೋಹಿ ಎನ್ನುತ್ತಾನೆ. ಮೇಷ್ಟ್ರಿಗೆ ಕನ್ನಡದ ಮೇಲೆ ಅಸಡ್ಡೆ, ಹುಡುಗನಿಗೆ ಅಭಿಮಾನ. ಸಿನಿಮಾದ ಮೇಲೆ ಮಾತ್ರ ಇಬ್ಬರಿಗೂ ಕಣ್ಣಿಲ್ಲ.

ಕಣ್ಣಿಟ್ಟು ನೋಡಿ ಬಾಯಿಬಿಟ್ಟು ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿಲ್ಲದ ಸಂಗತಿಯಲ್ಲ. 2025ರ ಜುಲೈನಲ್ಲಿ ಬಂದ 'ಸು ಫ್ರಮ್ ಸೋ'ಗೆ ದೊಡ್ಡ ಸ್ಟಾರ್ ಇರಲಿಲ್ಲ, ಭಾರೀ ಪ್ರಚಾರವೂ ಇರಲಿಲ್ಲ. ಜೆ.ಪಿ. ತುಮಿನಾಡು ಅವರ ನಿರ್ದೇಶನದ ಕರಾವಳಿಯ ದೆವ್ವದ ಕಥೆ. ನೋಡಿ ಹೊಟ್ಟೆ ತುಂಬ ನಕ್ಕವರು ಆಫೀಸಿನಲ್ಲಿ, ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಪಕ್ಕದವರಿಗೆ ಹೇಳಿದರು. ಪಕ್ಕದವರು ಟಿಕೆಟ್ ತೆಗೆದರು, ದಿನ ಕಳೆದಂತೆ ಆಟಗಳು ಹೆಚ್ಚಿದವು. ಆ ಮಾತುಗಳಲ್ಲಿ ಅಂಕವೇ ಇರಲಿಲ್ಲ. "ನಮ್ಮತ್ತೆ ನಕ್ಕಿದ್ದು ನಾನು ನೋಡಿದ್ದೇ ಅವತ್ತು" ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದಕ್ಕಿಂತ ಗಟ್ಟಿ ರೇಟಿಂಗ್ ಯಾವ ಆ್ಯಪ್ ಕೊಟ್ಟೀತು?

ಮೇಷ್ಟ್ರು ಮೊದಲ ವಾರ ಆ ಸಿನಿಮಾಕ್ಕೆ ಎರಡೂವರೆ ಕೊಟ್ಟಿದ್ದರು. ದೆವ್ವದ ಕಥೆ ಸವಕಲು, ಬಿಡಿ, ಎಂದು ಪಾರ್ಕಿನ ಬೆಂಚಿನ ಮೇಲೆ ಕೂತು ಫೈಸಲು ಮಾಡಿದ್ದರು. ಹೌಸ್‌ಫುಲ್ ಬೋರ್ಡು ಇಳಿಯದೇ ಹೋದಾಗ ಮೂರೂವರೆಗೆ ಏರಿಸಿದರು. ಬೇರೆ ಭಾಷೆಯವರೂ ಮಾತಾಡತೊಡಗಿದ ಮೇಲೆ ನಾಲ್ಕೂಕಾಲು ಆಯಿತು. "ನಾನು ಮೊದಲನೇ ದಿನವೇ ಹೇಳಿದ್ದೆ ಕಣ್ರೀ, ಇದು ಬೇರೆ ಲೆವೆಲ್ ಅಂತ. ಇನ್ನೊಂದ್ಸಲ ನೋಡ್ಬೇಕು ಅನ್ನಿಸ್ತಿದೆ" ಎಂದರು.

"ಮೊದಲ ಸಲ ಯಾವ ಥಿಯೇಟರಲ್ಲಿ ನೋಡಿದ್ರಿ ಮೇಷ್ಟ್ರೇ?" ಎಂದೆ.

"ಟ್ರೇಲರ್ ನೋಡಿದೀನಲ್ರೀ."