ಕದ್ದು ತಿಕ್ಕಿದ ಗಿಲಾಸು

ಖರೇ ಹೇಳ್ರಿ, ಊಟ ಆದಮ್ಯಾಗ ನೀವು ಕೈ ಎಲ್ಲಿ ತೊಳೀತೀರಿ? ತಾಟಿನ್ಯಾಗೇ ಹೌದಲ್ಲ? ಕುಂತಲ್ಲೇ ಚರಗಿ ಬಗ್ಗಿಸಿ, ಉಳದ ಬ್ಯಾಳಿ ಮ್ಯಾಲ ನೀರು ಬಿಟ್ಟು, ನಾಕು ಬೆರಳು ಅದ್ದಿ, ಮೀಸಿ ಒರಿಸಿಕೊಂಡು ಎದ್ದುಬಿಡ್ತೀರಿ. (ಹೆಣ್ಮಕ್ಕಳು ನಗಬ್ಯಾಡ್ರಿ. ಮೀಸಿ ಒಂದು ಬಿಟ್ಟು ಉಳದದ್ದೆಲ್ಲ ನಿಮಗೂ ಹೊಂದ್ತದ.) ಆಮ್ಯಾಗ ಹೊರಗ ಕಟ್ಟಿ ಮ್ಯಾಲ ಕುಂತು, ‘ಈಗಿನ ಹುಡುಗ್ರಿಗಿ ಒಂದು ತಾಟು ತೊಳೀಲಿಕ್ಕ ಬರಂಗಿಲ್ಲ ನೋಡ್ರಿ’ ಅಂತ ಪುರಾಣ ಸುರು ಮಾಡ್ತೀರಿ.

ಬರಂಗಿಲ್ಲ ಅಂತ ಯಾರಂದ್ರು? ನಮ್ಮ ಕೊಡ್ಲಿಯಂಥಾ ಊರಿನ ಸರ್ಕಾರಿ ಸಾಲಿ ಮುಂದ ಮಧ್ಯಾಹ್ನ ಜರಾ ನಿಂತು ನೋಡ್ರಿ. ಬಿಸಿಊಟ ಮುಗೀತು ಅಂದ್ರ ನಳದ ಮುಂದ ತಾಟು ಹಿಡಕೊಂಡ ಹುಡುಗ್ರ ಗದ್ದಲವೋ ಗದ್ದಲ. ತಂತಮ್ಮ ತಾಟು ತಾವೇ ತಿಕ್ಕಿ, ಝಾಡಿಸಿ, ಪಕ್ಕದವನ ಮಾರಿಗಿ ನಾಕು ಹನಿ ಸಿಡಿಸಿ ಓಡ್ತಾವ.

ಈ ಬಿಸಿಊಟದ ಅಕ್ಷರ ದಾಸೋಹ ಯೋಜನಾ ರಾಜ್ಯದಾಗ ಮೊದಲು ಸುರು ಆದದ್ದೇ ನಮ್ಮ ಈ ಕಡಿ 7 ಜಿಲ್ಲೆದಾಗ, 2002ರ ಜೂನ್ ತಿಂಗಳಾಗ. (ಆಗ ಕಲಬುರಗಿ ಇನ್ನೂ ಗುಲಬರ್ಗಾ ಇತ್ತು.) ಆಗ ತಾಟು ತೊಳದ ಪೋರ-ಪೋರಿಗೋಳು ಈಗ ತಾವೇ ಅಪ್ಪ-ಅವ್ವ ಆಗ್ಯಾರ. ನೀವೂ ಅವರಾಗ ಒಬ್ರೇನು? ಹಂಗಿದ್ರ ಆ ಕೈ ಎಲ್ಲಿ ಮರೀತ್ರಿ?

ಸಾಲ್ಯಾಗ ಬರೋ ವಿದ್ಯೆ ಮನಿ ಹೊಸ್ತಲ ದಾಟಿದ ಕೂಡಲೇ ಹ್ಯಾಂಗ ಮಾಯ ಆಗ್ತದ? ನಾ ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಮಾಯ ಮಾಡವ್ರು ನೀವೇ. ಮೂರು ವರ್ಷದ ಕೂಸು ತಾನಾಗೇ ಬಚ್ಚಲಕ್ಕ ಬಂದು, ಮೊಣಕಾಲ ಮ್ಯಾಲ ಕುಂತು, ‘ಯವ್ವಾ, ನಾನೂ ಭಾಂಡಿ ತಿಕ್ತೀನಿ’ ಅಂತದ. ನೀವು? ‘ಏ ಬ್ಯಾಡ, ಅಂಗಿ ತೋಯ್ತದ, ಏಳು!’ ಅದೇ ಕೂಸು ಹದಿಮೂರಕ್ಕ ಬಂದು ಮೊಬೈಲ್ ಹಿಡಕೊಂಡು ಮಂಚದ ಮ್ಯಾಲ ಬಿದ್ದಾಗ, ‘ಒಂದು ಕೆಲಸಕ್ಕ ಕೈ ಹಚ್ಚಂಗಿಲ್ಲ’ ಅಂತ ಓಣಿಗೆಲ್ಲ ಕೇಳೋಹಂಗ ಒದರ್ತೀರಿ. ಹತ್ತು ವರ್ಷದ ಹಿಂದ ಏಳು ಅಂದವ್ರು ಯಾರ್ರೀ?

ಮಜಾ ಕೇಳ್ರಿ. ಇಟಲಿಯ ಮರಿಯಾ ಮಾಂಟೆಸ್ಸರಿ ಅನ್ನೋ ಡಾಕ್ಟರಮ್ಮ 1907ರಾಗ ರೋಮಿನ ಬಡವರ ಓಣ್ಯಾಗ ಸಣ್ಣ ಮಕ್ಕಳ ಸಾಲಿ ತೆಗೆದ್ರು. ಕಸಾ ಹೊಡೆಯೋದು, ನೀರು ಸುರುವೋದು, ಭಾಂಡಿ ತೊಳೆಯೋದು ಅವರ ಪದ್ಧತ್ಯಾಗ ಪಾಠನೇ. ಮುಂದ 1939ರಾಗ ನಮ್ಮ ದೇಶಕ್ಕೂ ಬಂದು, ಎರಡನೇ ಮಹಾಯುದ್ಧ ಮುಗಿಯೋತನ ಇಲ್ಲೇ ಇದ್ದು ಮಾಸ್ತರಿಗೆಲ್ಲ ತರಬೇತಿ ಕೊಟ್ರು. ಈಗ ಪ್ಯಾಟ್ಯಾಗ ಆ ಹೆಸರಿನ ಬೋರ್ಡ್ ಕಂಡ್ರ ಸಾಕು, ಫೀ ತುಂಬ್ತೀರಿ. ಅಲ್ಲಿ ಕೂಸು ಒಂದು ಜಗ್ಗಿಂದ ಇನ್ನೊಂದು ಜಗ್ಗಿಗಿ ನೀರು ಸುರುವಿದ್ರ ವಾಟ್ಸಾಪ್ ಸ್ಟೇಟಸ್ಸು. ಮನ್ಯಾಗ ಅದೇ ಮಾಡಿದ್ರ ಬೆನ್ನಿಗೊಂದು ಗುದ್ದು!

(ನಳಾ ವಾರಕ್ಕೊಮ್ಮಿ ಬರ್ತದ, ನೀರು ಹಾಳು ಮಾಡ್ಸಲೇನು ಅಂತೀರಿ. ಒಪ್ಪಿದೆ. ಎರಡು ಬಕೀಟಿನ್ಯಾಗ ನೀರು ಇಡ್ರಿ, ಒಂದು ತಿಕ್ಕಲಿಕ್ಕ, ಒಂದು ಜಾಲಿಸಲಿಕ್ಕ. ಉಳದ ನೀರು ಬಾಳಿ ಗಿಡಕ್ಕ. ಮುಗೀತು.)

ಗಂಡ್ಹುಡುಗ ಮುಸುರಿ ತಿಕ್ತಾನೇನ್ರಿ ಅಂತ ಅಲ್ಲಿ ಯಾರೋ ಗೊಣಗಿದಂಗ ಆಯ್ತು. ಕಲಬುರಗಿ ಶರಣಬಸಪ್ಪನ ದಾಸೋಹದ ನಾಡಿನ್ಯಾಗ ಕುಂತು ಈ ಮಾತೇನ್ರಿ? ಜಾತ್ರ್ಯಾಗ ಆಳೆತ್ತರದ ಕೊಪ್ಪರಿಗಿ ಒಳಗಿಳಿದು ತಿಕ್ಕೋ ಗಂಡಸರನ್ನ ಕಂಡಿಲ್ಲೇನು? ಅಲ್ಲಿ ಅದು ಸೇವಾ, ಫೋಟೋ ತೆಗಸ್ಕೋತೀರಿ. ಮನ್ಯಾಗ ಹೇಂತಿ ಒಂದು ವಾಟಿ ತಿಕ್ಕು ಅಂದ್ರ ಸೊಂಟ ಹಿಡೀತದ.

ಕಲಿಸಬೇಕು ಅಂದ್ರ ತಾಮ್ರದ ತಂಬಗಿಯಿಂದ ಸುರು ಮಾಡ್ರಿ. ಕಪ್ಪಿಟ್ಟ ತಂಬಗಿಗಿ ನೆನೆಸಿದ ಹುಣಚಿಹಣ್ಣು, ಚಿಟಿಕಿ ಉಪ್ಪು ಹಚ್ಚಿ ಕೂಸಿನ ಕೈಯಾಗ ಕೊಡ್ರಿ. ಹುಣಚಿ ಹುಳಿ ಆ ಕಪ್ಪನ್ನ ಕರಗಿಸಿ, ನೋಡ್ತ ನೋಡ್ತ ತಂಬಗಿ ಕೆಂಪಗ ಝಗ್ ಅಂತದ. ಅದಕ್ಕಿಂತ ದೊಡ್ಡ ಮ್ಯಾಜಿಕ್ ಶೋ ಯಾವ ಟೀವ್ಯಾಗ ಅದ? ಅಡಗಿ ಎಣ್ಣಿ ಹತ್ತಿದ್ದಕ್ಕ ಒಲಿ ಬೂದಿ ಕೊಡ್ರಿ. ಬೂದ್ಯಾಗಿನ ಕ್ಷಾರ ಎಣ್ಣಿ ಜೋಡಿ ಕೂಡಿ ತಾನೇ ಸಬಕಾರ ಆಗ್ತದ, ನಮ್ಮ ಆಯಿಗೋಳಿಗಿ ಇದು ಪುಸ್ತಕ ಇಲ್ಲದೇ ಗೊತ್ತಿತ್ತು.

ಆದ್ರ ರೊಟ್ಟಿ ಹಿಟ್ಟು ನಾದಿದ ಪರಾತ ಮಾತ್ರ ಮೊದಲೇ ಕೊಡಬ್ಯಾಡ್ರಿ. ಒಣಗಿದ ಜ್ವಾಳದ ಹಿಟ್ಟು ಅಂದ್ರ ವಾಡಿ ಸಿಮೆಂಟಿನ ತಮ್ಮ. ದೊಡ್ಡವರೇ ತಾಸೊತ್ತು ನೆನಿ ಇಡ್ತಾರ, ಕೂಸು ಪಾಪ ಏನು ಮಾಡ್ತದ!

ಇನ್ನೊಂದು. ಕೂಸು ತೊಳದಿಟ್ಟ ಗಿಲಾಸು ಒಣಗಿದಮ್ಯಾಗ ಬಿಳಿ ಕಲಿ ಕಾಣ್ತಾವ, ‘ಸಾಫ್ ತೊಳದಿಲ್ಲ’ ಅಂತ ಬೈತೀರಿ. ತಪ್ಪು ಕೂಸಿಂದಲ್ರೀ, ನಮ್ಮ ನೆಲದ್ದು. ಇಲ್ಲಿ ತಳದಾಗೆಲ್ಲ ಸುಣ್ಣದಕಲ್ಲು. ಅದರಿಂದೇ ಶಹಾಬಾದ್ ಫರಸಿ, ಅದರಿಂದೇ ಸೇಡಂ-ಮಳಖೇಡದ ಸಿಮೆಂಟು. ಬೋರಿನ ನೀರಿನ್ಯಾಗೂ ಅದೇ ಕರಗಿರ್ತದ, ಸಬಕಾರ ನೊರಿ ಬಿಡಂಗಿಲ್ಲ. ನೀವು ತಿಕ್ಕಿದ್ರೂ ಆ ಕಲಿ ಬೀಳ್ತಾವ. ಲಿಂಬಿಹಣ್ಣಿನ ಸಿಪ್ಪಿ ಉಜ್ಜಿ ನೋಡ್ರಿ, ಹೋಗ್ತಾವ.

ಇಷ್ಟೆಲ್ಲ ದೊಡ್ಡ ಮಾತು ಹೇಳೋ ನಾನೇನು ಸಾಚಾ? ಹೋದ ತಿಂಗಳು ಐದು ವರ್ಷದ ಮೊಮ್ಮಗ ಒಂದು ಸ್ಟೀಲ್ ಗಿಲಾಸು ಹಿಡಕೊಂಡು ಫರಸಿ ಮ್ಯಾಲ ಕುಂತು, ನಾಲಿಗಿ ಹೊರಗ ಹಾಕಿ, ಒಂದೇ ಕಡಿ ತಿಕ್ಕಿದ, ತಿಕ್ಕಿದ, ತಿಕ್ಕಿದ. ತಳದಾಗ ಚಾ ಕರಿ ಹಂಗೇ ಇತ್ತು. ‘ಶಾಬಾಸ್!’ ಅಂದೆ. ಅಂವ ಹೊರಗ ಹೋದ ಕೂಡಲೇ ಕಳ್ಳರಂಗ ಬಚ್ಚಲಕ್ಕ ಹೋಗಿ ಅದನ್ನೇ ಮತ್ತ ತಿಕ್ಕಲಿಕ್ಕ ಸುರು ಮಾಡಿದೆ. (ನೀವೂ ಹಂಗೇ ಮಾಡ್ತೀರಿ, ಗೊತ್ತದ.) ತಿರುಗಿ ನೋಡ್ತೀನಿ, ಬಾಗಲದಾಗ ನಿಂತಾನ!

‘ಆಯಿ, ನಾ ತಿಕ್ಕಿದ್ನಲ್ಲ?’ ಅಂದ. ನಾ ಏನು ಹೇಳ್ಲಿ? ಮರುದಿನ ಕರದೆ, ಬರಲಿಲ್ಲ. ನಾಕು ದಿನ ಅವನ ಚಾ ಕರಿ ಗಿಲಾಸಿನ್ಯಾಗೇ ನೀರು ಕುಡದೆ, ಅವನ ಕಣ್ಣೆದುರಿಗೇ. ಐದನೇ ದಿನ ಬಂದು ಪಕ್ಕದಾಗ ಕುಂತ.

ಈಗ ನಿಮ್ಮ ಊಟನೂ ಆತಲ್ಲ? ಚರಗಿ ಕೆಳಗಿಡ್ರಿ, ತಾಟಿನ್ಯಾಗ ಕೈ ತೊಳೀಬ್ಯಾಡ್ರಿ. ಎತ್ತಿಕೊಂಡು ಬಚ್ಚಲಕ್ಕ ನಡೀರಿ. ಹಿಂದ ಯಾರೋ ಸಣ್ಣವರು ನಿಮ್ಮನ್ನೇ ನೋಡ್ಲಿಕತ್ತಾರ.